ಕ್ಯಾಪ್ಸೂಲ್ ಸಾಕಂತೆ

ಊಟದ ಪಂಕ್ತಿಯಲ್ಲಿ ಎಷ್ಟು ಸಲ ‘ಸಾಕು’ ಎಂದರೆ ಬಡಿಸುವವರು ಸೌಟನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು ಎಂಬ ಗಹನವಾದ ಪ್ರಶ್ನೆಯನ್ನು ಕೊಚ್ಚಿಯ ಕನ್ನಡಿಗರು ೧೯೯೭ರ ಜೂನ್‌ನಲ್ಲಿ ಶಾಶ್ವತವಾಗಿ ಇತ್ಯರ್ಥಗೊಳಿಸಿದರು. ಕಲೂರಿನ ಕನ್ನಡ ಸಂಘ ಇದಕ್ಕಾಗಿ ಒಂದು ಇಡೀ ಭಾನುವಾರವನ್ನು ಮೀಸಲಿಟ್ಟಿತ್ತು. ಆ ವರ್ಷದ ಯುಗಾದಿಯ ಊಟದಲ್ಲಿ ಮೈಸೂರಿನ ಹಿರಿಯರೊಬ್ಬರು ಒಂದೇ ಸಲ ‘ಸಾಕು’ ಎಂದು ಹೇಳಿ, ಇನ್ನೂ ಸ್ವಲ್ಪ ಒತ್ತಾಯ ಬರಲೆಂದು ಎಲೆ ನೋಡುತ್ತಾ ಕುಳಿತಿದ್ದರಂತೆ. ಬಡಿಸುತ್ತಿದ್ದ ಕಾಸರಗೋಡಿನವರು ಆ ಮಾತನ್ನು ನಂಬಿ ಮುಂದಿನ ಎಲೆಗೆ ಹೋಗಿಬಿಟ್ಟರು. ಹಿರಿಯರು ಹೋಳಿಗೆ ಕಾಣದೆ ಎದ್ದರು, ಆಮೇಲೆ ಸಂಘಕ್ಕೆ ಬರುವುದನ್ನೇ ಬಿಟ್ಟರು.

ಕಾರ್ಯದರ್ಶಿ ಗಣಪತಿ ಭಟ್ಟರಿಗೆ ನಿರ್ಣಯಗಳೆಂದರೆ ಪ್ರಾಣ. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಇಡೀ ವಾರ ಬೇರೆಯವರ ನಿರ್ಣಯಗಳನ್ನು ಟೈಪ್ ಮಾಡಿಸುತ್ತಿದ್ದ ಅವರು ಭಾನುವಾರ ಮಾತ್ರ ತಮ್ಮವೇ ನಿರ್ಣಯಗಳನ್ನು ಮಂಡಿಸುತ್ತಿದ್ದರು. “ಮೊದಲನೆಯ ಸಾಕು ಸಂಕೋಚದ್ದು, ಎರಡನೆಯದು ಮರ್ಯಾದೆಯದ್ದು, ಮೂರನೆಯದು ಮಾತ್ರ ಹೊಟ್ಟೆಯದ್ದು. ಆದ್ದರಿಂದ ಮೂರು ಸಲ ಹೇಳಿದರೆ ಮಾತ್ರ ಸಾಕು ಎಂದು ಪರಿಗಣಿಸತಕ್ಕದ್ದು,” ಎಂದು ಎದ್ದು ನಿಂತು ಓದಿದರು.

ಸಭೆಯಲ್ಲಿ ಒಂದೇ ಒಂದು ಆಕ್ಷೇಪ ಬಂತು, ಅದೂ ಭಟ್ಟರ ಮನೆಯ ಮಹಡಿಯ ಮೇಲೆ ಬಾಡಿಗೆಗಿದ್ದ ರತ್ನಳಿಂದ.

“ಸಾಕು ಅಂದ್ರೆ ಸಾಕು ಅಲ್ವಾ ಸಾರ್? ಅದರಲ್ಲಿ ಇನ್ನೇನದೆ?”

ಎಲ್ಲರೂ ನಕ್ಕರು. ನಿರ್ಣಯ ಪಾಸಾಯಿತು.

ರತ್ನ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹುಡುಗಿ. ಚಾಮರಾಜನಗರದ ಹಾಸ್ಟೆಲಿನಲ್ಲಿದ್ದು ಓದಿ, ಮೈಸೂರಿನಲ್ಲಿ ಬಿ.ಕಾಂ. ಮುಗಿಸಿ, ಪರೀಕ್ಷೆ ಬರೆದು ಕೊಚ್ಚಿಯಲ್ಲಿ ಕೇಂದ್ರ ಸರ್ಕಾರದ ಗುಮಾಸ್ತೆಯಾಗಿದ್ದಳು. ಅದೇ ಪರೀಕ್ಷೆಗಳ ತರಬೇತಿಯಲ್ಲಿ ಪಕ್ಕದ ಬೆಂಚಿನಲ್ಲಿ ಕೂತಿದ್ದ ಹರಿಹರದ ಹಾಲಪ್ಪ ಬ್ಯಾಂಕಿಗೆ ಸೇರಿದ, ಅವಳನ್ನು ಮದುವೆಯಾದ. ಮರುವರ್ಷ ಅವನಿಗೆ ತಿರುವನಂತಪುರದ ಶ್ರೀಕಾರ್ಯಂ ಶಾಖೆಗೆ ವರ್ಗವಾಯಿತು. ಶನಿವಾರ ಮಧ್ಯಾಹ್ನ ಬ್ಯಾಂಕು ಮುಚ್ಚಿದ ಮೇಲೆ ರೈಲು ಹತ್ತಿ ಬರುತ್ತಿದ್ದ, ಭಾನುವಾರ ಸಂಜೆ ರೈಲು ಹತ್ತಿ ಹೋಗುತ್ತಿದ್ದ. ಅದು ಅವರ ಸಂಸಾರ.

ರತ್ನಳಿಗೆ ಸಿಕಲ್ ಸೆಲ್ ಕಾಯಿಲೆ ಇತ್ತು. ದುಂಡಗಿರಬೇಕಾದ ಕೆಂಪು ರಕ್ತಕಣಗಳು ಕುಡುಗೋಲಿನ ಹಾಗೆ ಬಾಗಿ ಸಣ್ಣ ನಾಳಗಳಲ್ಲಿ ಸಿಕ್ಕಿಹಾಕಿಕೊಳ್ಳುವ ಕಾಯಿಲೆ. ಸಿಕ್ಕಿಹಾಕಿಕೊಂಡ ಕಡೆ ಮೂಳೆ ಸೀಳಿದಂಥ ನೋವು. ಚಿಕ್ಕಂದಿನಲ್ಲಿ ಇದನ್ನು ಬೆಳೆಯುವ ಮಕ್ಕಳ ನೋವು ಎಂದಿದ್ದರು, ಹಾಸ್ಟೆಲಿನಲ್ಲಿ ಓದಲು ಸೋಮಾರಿತನ ಎಂದಿದ್ದರು. ಸರಿಯಾದ ಹೆಸರು ಕೊಟ್ಟವರು ತಿರುವನಂತಪುರದ ದೊಡ್ಡ ಆಸ್ಪತ್ರೆಯೊಂದರ ರಕ್ತರೋಗದ ವೈದ್ಯೆ ಡಾಕ್ಟರ್ ಮೇರಿ. ಹೆಸರಿನ ಜೊತೆಗೆ ಎರಡು ಔಷಧಿಗಳನ್ನೂ ಕೊಟ್ಟಿದ್ದರು. ಒಂದು ಹಳದಿಯ ಸಣ್ಣ ಮಾತ್ರೆ, ಫೋಲಿಕ್ ಆಸಿಡ್, ಹೊಸ ರಕ್ತ ಆಗಲು. ಇನ್ನೊಂದು ಕ್ಯಾಪ್ಸೂಲು. ಅದು ಮೂಲತಃ ರಕ್ತದ ಕ್ಯಾನ್ಸರಿನದು. ಸಿಕಲ್ ಸೆಲ್‌ನ ನೋವನ್ನು ಅರ್ಧಕ್ಕರ್ಧ ತಡೆಯುತ್ತದೆ ಎಂದು ಆಗಷ್ಟೇ ಅಮೆರಿಕದಿಂದ ಸುದ್ದಿ ಬಂದಿತ್ತು. “ಮಗುವಿನ ಯೋಚನೆ ಬಂದರೆ ಮೊದಲು ನನಗೆ ಹೇಳಬೇಕು,” ಎಂದೂ ಡಾಕ್ಟರ್ ಹೇಳಿದ್ದರು. ಏಕೆಂದು ಅವರು ಹೇಳಲಿಲ್ಲ, ಇವರು ಕೇಳಲಿಲ್ಲ. ಹಾಲಪ್ಪನ ರಕ್ತ ಪರೀಕ್ಷೆ ಮಾಡಿಸಿ, ಅವನಲ್ಲಿ ಆ ದೋಷ ಇಲ್ಲ, ಹುಟ್ಟುವ ಮಗುವಿಗೆ ಕಾಯಿಲೆ ಬರುವುದಿಲ್ಲ ಎಂದದ್ದೇ ಅವರಿಬ್ಬರಿಗೂ ದೊಡ್ಡ ವರವಾಗಿತ್ತು.

ಕ್ಯಾಪ್ಸೂಲು ಶುರುವಾದ ಮೇಲೆ ರತ್ನ ಒಂದು ವರ್ಷ ನೋವಿಲ್ಲದೆ ಬದುಕಿದಳು. ಆಮೇಲೆ, ಯೋಚನೆಗಿಂತ ಮೊದಲು ಮಗುವೇ ಬಂತು.

ಜುಲೈಯಲ್ಲಿ ಒಂದು ದಿನ ಹಾಲಪ್ಪ ಬ್ಯಾಂಕಿಗೆ ಅರ್ಧ ದಿನ ರಜೆ ಹಾಕಿ ಡಾಕ್ಟರ್ ಮೇರಿಯವರ ಮುಂದೆ ಕುಳಿತ. ಬಸ್ಸಿನ ಬೋರ್ಡುಗಳನ್ನು ಓದಿ ಓದಿ ಕಲಿತ ತನ್ನ ಮಲಯಾಳದ ಬಗ್ಗೆ ಅವನಿಗೆ ತುಂಬ ಅಭಿಮಾನ. ಆದ್ದರಿಂದ ಸಂತೋಷದ ಸುದ್ದಿಯನ್ನು ಮಲಯಾಳದಲ್ಲೇ ಹೇಳಿದ. ಡಾಕ್ಟರ್ ಸಂತೋಷಪಡಲಿಲ್ಲ. ಕಾರಣಗಳನ್ನು ಇಂಗ್ಲಿಷಿನಲ್ಲಿ ಹೇಳಿದರು: ಆ ಕ್ಯಾಪ್ಸೂಲು ಬೆಳೆಯುವ ಜೀವಕೋಶಗಳನ್ನು ತಡೆಯುವಂಥದ್ದು, ಹೊಟ್ಟೆಯಲ್ಲಿರುವುದೂ ಬೆಳೆಯುವಂಥದ್ದೇ. ತೀರ್ಮಾನವನ್ನು ಮಾತ್ರ ಅವನ ಮೇಲಿನ ಗೌರವದಿಂದ ಮಲಯಾಳದಲ್ಲಿ ಹೇಳಿದರು.

“ಇನಿ ಕ್ಯಾಪ್ಸೂಲ್ ಮದಿ, ಕೇಟ್ಟೋ? ಬರುವ ತಿಂಗಳು ಅವಳನ್ನು ಕರೆದುಕೊಂಡು ಬಾ.”

ಇನಿ ಎಂದರೆ ಇನ್ನು ಮೇಲೆ, ಮದಿ ಎಂದರೆ ಸಾಕು. ಹಾಲಪ್ಪನಿಗೆ ಅದು ಚೆನ್ನಾಗಿ ಗೊತ್ತಿತ್ತು. ಹಳದಿ ಮಾತ್ರೆಯ ವಿಷಯ ಡಾಕ್ಟರ್ ಎತ್ತಲಿಲ್ಲ, ಅದರಲ್ಲಿ ಬದಲಾಯಿಸುವಂಥದ್ದೇನೂ ಇರಲಿಲ್ಲ.

ಅವನು ಎಸ್‌ಟಿಡಿ ಬೂತಿನಿಂದ ಕಲೂರಿಗೆ ಫೋನ್ ಮಾಡಿದ. ಫೋನು ಇದ್ದದ್ದು ಭಟ್ಟರ ನಡುಮನೆಯಲ್ಲಿ. ಭಟ್ಟರು ಸೋಫಾದಲ್ಲಿ ಕೂತು ಪೇಪರು ಅಡ್ಡ ಹಿಡಿದಿದ್ದರು. ಫೋನು ಬಂದಾಗಲೆಲ್ಲ ಅವರಿಗೆ ಪುಟ ತಿರುಗಿಸಲು ಮರೆತುಹೋಗುತ್ತಿತ್ತು. ಅವರ ಹೆಂಡತಿ ಸುಮಿತ್ರಮ್ಮ ಕೂಗಿ ರತ್ನಳನ್ನು ಕೆಳಗೆ ಕರೆದರು. ಬಸುರಿಯ ಸುದ್ದಿ ಇನ್ನೂ ಯಾರಿಗೂ ಗೊತ್ತಿರಲಿಲ್ಲ. ಹೆಂಡತಿಯನ್ನು ಹೆದರಿಸಬಾರದು ಎಂದು ಹಾಲಪ್ಪ ಮೊದಲೇ ನಿಶ್ಚಯಿಸಿಕೊಂಡಿದ್ದ.

“ಡಾಕ್ಟ್ರನ್ನ ಕಂಡೆ.”

“ಏನಂದ್ರು?”

“ಇನ್ಮೇಲೆ ಕ್ಯಾಪ್ಸೂಲ್ ಸಾಕಂತೆ.”

“ಸಾಕಾ?”

“ಸಾಕು.”

“ಅಷ್ಟೇನಾ?”

“ಅಷ್ಟೇ. ಅರ್ಥ ಆತಲ್ಲ?”

“ಆಯ್ತು ಬುಡಿ.”

ಮೂರು ಸಲ ಆ ಪದ ತಂತಿಯ ಮೇಲೆ ಓಡಾಡಿತ್ತು. ಸಂಘದ ನಿರ್ಣಯದ ಪ್ರಕಾರ ಇನ್ನು ಸಂಶಯಕ್ಕೆ ಜಾಗವೇ ಇರಲಿಲ್ಲ. ಅನುವಾದದಲ್ಲೂ ತಪ್ಪಿರಲಿಲ್ಲ. ಮಲಯಾಳದ ಮದಿಗೆ ಎಷ್ಟು ಅರ್ಥಗಳಿವೆಯೋ ಕನ್ನಡದ ಸಾಕಿಗೂ ಅಷ್ಟೇ ಇವೆ.

ರತ್ನ ಮೇಲೆ ಹೋಗಿ ಹಳದಿ ಮಾತ್ರೆಯ ಡಬ್ಬಿಯನ್ನು ಕಪಾಟಿನ ಮೇಲಿನ ಖಾನೆಯಲ್ಲಿಟ್ಟಳು. ಇನ್ನು ಮೇಲೆ ಕ್ಯಾಪ್ಸೂಲು ಒಂದೇ ಸಾಕು. ಒಳ್ಳೆಯದೇ ಆಯಿತು, ನೋವನ್ನು ಓಡಿಸಿದ್ದು ಅದೇ ಅಲ್ಲವೇ? ಡಾಕ್ಟರಮ್ಮನಿಗೆ ಗೊತ್ತಿರದ್ದು ಏನಿದೆ ಎಂದುಕೊಂಡಳು.

ಮುಂದಿನ ಭಾನುವಾರಗಳಲ್ಲಿ ಹಾಲಪ್ಪ ಅವಳು ತಿಂಡಿಯಾದ ಮೇಲೆ ಏನೋ ಬಾಯಿಗೆ ಹಾಕಿ ನೀರು ಕುಡಿಯುವುದನ್ನು ನೋಡಿದ. ಹಳದಿ ಮಾತ್ರೆಯನ್ನು ತಪ್ಪದೆ ತೆಗೆದುಕೊಳ್ಳುತ್ತಿದ್ದಾಳೆಂದು ಸಮಾಧಾನಪಟ್ಟ. ಹೀಗೇ ಆಗಸ್ಟ್ ಬಂತು. ಡಾಕ್ಟರ್ ಮೇರಿ ಯಾವುದೋ ಸಮ್ಮೇಳನಕ್ಕೆ ದೆಹಲಿಗೆ ಹೋಗಿದ್ದರಿಂದ ನೋಡುವುದು ಮುಂದಕ್ಕೆ ಹೋಯಿತು.

ಆಗಸ್ಟಿನ ಕೊನೆಯ ಭಾನುವಾರ ಸಂಜೆ ಹಾಲಪ್ಪ ರೈಲಿಗೆಂದು ಹೊರಟು ಚಪ್ಪಲಿ ಮೆಟ್ಟುತ್ತಿದ್ದ. ರತ್ನ ಬಾಗಿಲಲ್ಲಿ ನಿಂತು ಟಿಫಿನ್ ಡಬ್ಬಿ ಕೊಟ್ಟಳು.

“ಮುಂದಿನ ವಾರ ಬರುವಾಗ ಕ್ಯಾಪ್ಸೂಲ್ ತನ್ನಿ, ಮರೀಬೇಡಿ. ನಾಕೇ ಅವೆ.”

“ಯಾವ ಕ್ಯಾಪ್ಸೂಲು?”

“ಯಾವುದಂದ್ರೆ? ನನ್ನದು.”

“ನಿಂದು... ಅವು ಆವಾಗ ಇನ್ನೂ ಉಳಿದಿದ್ದವು ಅಲ್ಲ?”

“ಉಳಿದಿದ್ದವು. ತಗೊಂಡು ಮುಗೀತಾ ಬಂತು.”

ಹಾಲಪ್ಪ ಒಂದು ಚಪ್ಪಲಿಯಲ್ಲೇ ನಿಂತ. “ರತ್ನಾ, ನಾ ಫೋನಲ್ಲಿ ನಿನಗೇನ್ ಹೇಳಿದ್ದೆ?”

“ಕ್ಯಾಪ್ಸೂಲ್ ಸಾಕು ಅಂದ್ರಿ.”

“ಹೌದಲ್ಲ. ಸಾಕು ಅಂದ್ರೆ, ಸಾಕು!”

“ಅದಕ್ಕೇ ಅದೊಂದೇ ತಗೊಂಡೆ. ಹಳದೀದು ಬುಟ್ಟೆ.”

ಅವಳು ಅವನ ಮುಖ ನೋಡಿದಳು. ಕೈ ತಾನೇ ಹೊಟ್ಟೆಯ ಮೇಲೆ ಹೋಯಿತು.

“ಅದು ಮಗೂಗೆ ಆಗಲ್ವಾ?”

ಹಾಲಪ್ಪ ಮೆಟ್ಟಿಲ ಮೇಲೆ ಕುಳಿತ. ಕೆಳಗಿನ ರಸ್ತೆಯಲ್ಲಿ ಕಲೂರ್ ಬಸ್ ಸ್ಟ್ಯಾಂಡಿನ ಕಂಡಕ್ಟರುಗಳು ಆಲುವಾ ಆಲುವಾ ಎಂದು ಕೂಗುತ್ತಿದ್ದರು. ಆ ರೈಲು ಅವನನ್ನು ಬಿಟ್ಟು ಹೋಯಿತು.

“ಹೆದರಿಸಬಾರದು ಅಂತ ಹೇಳ್ಲಿಲ್ಲ,” ಎಂದ ಕೊನೆಗೆ.

“ಹೆದರಿಸಿದ್ರೆ ನಿಲ್ಲಿಸ್ತಿದ್ದೆ,” ಎಂದಳು ರತ್ನ.

ಮರುದಿನ ಇಬ್ಬರೂ ಡಾಕ್ಟರ್ ಮೇರಿಯವರ ಮುಂದಿದ್ದರು. ಡಾಕ್ಟರ್ ಇಡೀ ಕಥೆ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮದಿ ಎಂಬ ಪದವನ್ನು ಒಮ್ಮೆ ತಮ್ಮಷ್ಟಕ್ಕೆ ಹೇಳಿ ನೋಡಿದರು, ಬಾಯಲ್ಲಿ ಕಲ್ಲು ಸಿಕ್ಕಿದವರ ಹಾಗೆ.

“ಇವತ್ತಿನಿಂದ ಕ್ಯಾಪ್ಸೂಲ್ ಸ್ಟಾಪ್. ಹಳದಿ ಮಾತ್ರೆ ಇವತ್ತಿನಿಂದಲೇ ಮತ್ತೆ ಶುರು, ಒಂದು ದಿನವೂ ತಪ್ಪಿಸಬಾರದು. ಈಗ ನೀನು ಹೇಳು ಮೋಳೇ, ನಾನು ಏನು ಹೇಳಿದೆ?”

ರತ್ನ ಹೇಳಿದಳು. ಹಾಲಪ್ಪನಿಂದಲೂ ಹೇಳಿಸಿದರು. ಎರಡನೇ ಕ್ಲಾಸಿನ ಮಗ್ಗಿಯ ಹಾಗೆ.

“ಮಗು?” ಎಂದಳು ರತ್ನ.

“ನಿಜ ಹೇಳಲಾ? ಇಲಿಗಳಿಗೆ ಕೊಟ್ಟು ನೋಡಿದ್ದಾರೆ, ಮರಿಗಳಿಗೆ ತೊಂದರೆಯಾಗಿದೆ. ಗೊತ್ತಿಲ್ಲದೆ ತೆಗೆದುಕೊಂಡ ಹೆಂಗಸರೂ ಇದ್ದಾರೆ, ಹೆಚ್ಚಿನವರ ಮಕ್ಕಳು ಸರಿಯಾಗಿದ್ದಾರೆ. ಆದರೆ ಅಂಥವರು ಸ್ವಲ್ಪ ಜನ. ಸ್ವಲ್ಪ ಜನರನ್ನು ನೋಡಿ ನಾನು ಮಾತು ಕೊಡಲಾರೆ. ಅಕ್ಟೋಬರಿನಲ್ಲಿ ಸ್ಕ್ಯಾನ್ ಮಾಡಿದರೆ ಕೈಕಾಲು, ಬೆನ್ನು, ಹೃದಯ ಕಾಣುತ್ತವೆ. ಅದಾದ ಮೇಲೂ, ಬೇಡ ಎಂದರೆ, ಕಾನೂನಿನಲ್ಲಿ ಸ್ವಲ್ಪ ಸಮಯ ಇದೆ. ಇನ್ನೊಂದು ಮಾತು. ಕ್ಯಾಪ್ಸೂಲ್ ಇಲ್ಲದಿದ್ದರೆ ನೋವು ವಾಪಸು ಬರುತ್ತದೆ. ಬಸುರಿನಲ್ಲಿ ಜೋರಾಗೇ ಬರಬಹುದು. ನಿನ್ನ ಜೀವಕ್ಕೂ ಅಪಾಯ ಇಲ್ಲ ಅಂತ ನಾನು ಹೇಳುವುದಿಲ್ಲ.”

ಹೊರಗೆ ಬಂದು ಕ್ಯಾಂಟೀನಿನಲ್ಲಿ ಕೂತಾಗ ಹಾಲಪ್ಪ ಚಹಾ ಮುಟ್ಟಲಿಲ್ಲ.

“ಬ್ಯಾಡ ಬಿಡು ರತ್ನಾ. ಈಗ್ಲೇ ತೆಗೆಸಿಬಿಡಾಣ. ನನಗೆ ನೀನಿದ್ರೆ ಸಾಕು.”

“ಇದು ಯಾವ ಸಾಕು?” ಎಂದಳು ರತ್ನ. “ನಾನೊಬ್ಬಳೇ ಸಾಕು ಅಂತಲೋ, ನನ್ನ ಸವಾಸ ಸಾಕು ಅಂತಲೋ?”

ಅವನು ತನ್ನ ಲೋಟವನ್ನು ಅವಳ ಕಡೆ ಸರಿಸಿದ. ಅವಳು ಅವನ ಚಹಾವನ್ನೂ ಕುಡಿದಳು.

“ಸ್ಕ್ಯಾನ್ ನೋಡೋವರೆಗೂ ಬ್ಯಾಡ ಅನ್ನಬ್ಯಾಡಿ. ಆಮೇಲೆ ನೋಡ್ಮ.”

ಕಲೂರಿಗೆ ಮರಳಿದ ರತ್ನ ಉಳಿದ ನಾಲ್ಕು ಕ್ಯಾಪ್ಸೂಲುಗಳ ಪಟ್ಟಿಯನ್ನು ಸುಮಿತ್ರಮ್ಮನ ಕೈಗೆ ಕೊಟ್ಟಳು. ಈಗ ಯಾರಿಂದಲೂ ಮುಚ್ಚಿಡುವಂತಿರಲಿಲ್ಲ. ಬಿಸಾಡೋಣವೆಂದರೆ, ಹೆತ್ತ ಮೇಲೆ ಬೇಕಾಗಬಹುದು, ಈ ಊರಿನಲ್ಲಿ ಸಿಗುವಂಥದ್ದಲ್ಲ.

“ಎಂತ ಇದು, ಮದ್ದಾ?” ಎಂದರು ಸುಮಿತ್ರಮ್ಮ. ಅವರ ಊರು ಕಾಸರಗೋಡಿನಲ್ಲಿ ಔಷಧಿಗೆ ಮದ್ದು ಎನ್ನುತ್ತಾರೆ. ರತ್ನಳ ಕಡೆ ಮದ್ದು ಎಂದರೆ ಪಟಾಕಿಯೊಳಗಿನದು, ಇಲ್ಲವೇ ಆಗದವರಿಗೆ ಅನ್ನದಲ್ಲಿ ಹಾಕುವುದು.

“ಸದ್ಯಕ್ಕೆ ಮದ್ದೇ ಅಕ್ಕ,” ಎಂದಳು ರತ್ನ. “ನೋವು ಬಂದಾಗ ನಾನು ಕೇಳ್ತೀನಿ. ಕೇಳಿದ್ರೂ ಕೊಡಬೇಡಿ.”

ಸುಮಿತ್ರಮ್ಮ ಅದನ್ನು ಇಂಗಿನ ಡಬ್ಬಿಯಲ್ಲಿಟ್ಟರು. ಅಡಿಗೆಮನೆಯ ಮೇಲೆ ನಂಬಿಕೆ ಸಾಲದೆ ಎರಡು ದಿನಗಳಲ್ಲಿ ತಮ್ಮ ವ್ಯಾನಿಟಿ ಬ್ಯಾಗಿಗೆ ಸಾಗಿಸಿದರು. ಅಲ್ಲಿಂದ ಮುಂದೆ ಅವರು ಎಲ್ಲಿಗೆ ಹೋದರೂ ಇಂಗಿನ ವಾಸನೆ ಅವರ ಹಿಂದೆ ಹೋಗುತ್ತಿತ್ತು.

ಸೆಪ್ಟೆಂಬರಿನಲ್ಲಿ ಒಮ್ಮೆ ಮೊಣಕಾಲು ಹಿಡಿಯಿತು. ರತ್ನ ಬಿಸಿನೀರಿನ ಚೀಲ ಒತ್ತಿಕೊಂಡು, ಚೊಂಬುಗಟ್ಟಲೆ ನೀರು ಕುಡಿದು, ಡಾಕ್ಟರ್ ಒಪ್ಪಿದ ಒಂದೇ ನೋವಿನ ಮಾತ್ರೆ ನುಂಗಿ, ಕಚೇರಿಗೆ ಹೋದಳು. ಕೆಳಗೆ ಇಳಿಯುವಾಗ ಸುಮಿತ್ರಮ್ಮನ ಬ್ಯಾಗಿನ ಕಡೆ ನೋಡಲಿಲ್ಲ. ನೋಡದೆ ಇರುವುದಕ್ಕೆ ಎಷ್ಟು ಕಷ್ಟಪಡುತ್ತಿದ್ದಾಳೆಂದು ಸುಮಿತ್ರಮ್ಮನಿಗೆ ಕಾಣಿಸಿತು. ಅಕ್ಟೋಬರಿನ ಸ್ಕ್ಯಾನಿನಲ್ಲಿ ಬೆನ್ನುಮೂಳೆ, ಹೃದಯ, ಬೆರಳುಗಳೆಲ್ಲ ಕಂಡವು. “ಕಾಣುವಷ್ಟು ಸರಿ ಇದೆ,” ಎಂದರು ಸ್ಕ್ಯಾನಿನವರು. ಕಾಣದಷ್ಟು ಏನಾಗಿದೆ ಎಂದು ಯಾರೂ ಕೇಳಲಿಲ್ಲ. ಹಾಲಪ್ಪ ಕಾನೂನಿನ ಗಡುವಿನ ಮಾತೆತ್ತಿದಾಗ ರತ್ನ ಹಳದಿ ಮಾತ್ರೆ ನುಂಗಿ ಕಚೇರಿಗೆ ಹೊರಟಳು. ಗಡುವು ತಾನೇ ದಾಟಿಹೋಯಿತು.

ನವೆಂಬರಿನಲ್ಲಿ ಸಂಘದ ರಾಜ್ಯೋತ್ಸವ. ಹೊಸ ನಿರ್ಣಯ ಜಾರಿಗೆ ಬರುವ ಮೊದಲ ಊಟ ಅದು. ಗಣಪತಿ ಭಟ್ಟರು ಬೇರೆಯವರ ಮೇಲೆ ನಂಬಿಕೆಯಿಲ್ಲದೆ ತಾವೇ ಪಂಚೆ ಎತ್ತಿ ಕಟ್ಟಿ, ಪಾಯಸದ ಬಕೆಟ್ಟು ಹಿಡಿದು ಹೊರಟಿದ್ದರು. ಪ್ರತಿ ಎಲೆಯ ಮುಂದೂ ಗಟ್ಟಿಯಾಗಿ ಲೆಕ್ಕ ಹಾಕುತ್ತಿದ್ದರು. ಬೆಳಗಿನಿಂದ ಕುರ್ಚಿ ಜೋಡಿಸಿ, ಹೂ ಕಟ್ಟಿ, ನೀರು ಕುಡಿಯಲು ಪುರುಸೊತ್ತಿಲ್ಲದ ರತ್ನ ಹಾಲಪ್ಪನ ಪಕ್ಕದಲ್ಲಿ ಕುಳಿತಿದ್ದಳು.

“ಸಾಕು ಸಾರ್,” ಎಂದಳು.

“ಒಂದು!” ಭಟ್ಟರು ಒಂದು ಸೌಟು ಹಾಕಿದರು.

“ಸಾಕು...”

“ಎರಡು!” ಇನ್ನೊಂದು ಸೌಟು. ಪಾಯಸ ಎಲೆಯಂಚು ದಾಟಿ ಹೊರಟಿತು.

“ಸಾಕು!”

ಇಡೀ ಪಂಕ್ತಿ ತಿರುಗಿ ನೋಡಿತು. ಭಟ್ಟರು “ಮೂರು” ಎನ್ನಲು ತೆರೆದ ಬಾಯಿ ಹಾಗೇ ಇತ್ತು. ಮೂರನೆಯ ಸಾಕು ಪಾಯಸಕ್ಕೆ ಹೇಳಿದ್ದಾಗಿರಲಿಲ್ಲ. ರತ್ನ ಎಡ ಸೊಂಟವನ್ನು ಎರಡು ಕೈಯಲ್ಲೂ ಹಿಡಿದು ಪಕ್ಕಕ್ಕೆ ಬಾಗಿದ್ದಳು.

ಅವಳನ್ನು ಎತ್ತಿ ನಾಟಕದವರು ಬಣ್ಣ ಹಚ್ಚುವ ಕೋಣೆಗೆ ಒಯ್ದರು. ಬೆಂಚಿನ ಮೇಲೆ ಮಲಗಿಸಿದಾಗ ಅವಳ ಹಲ್ಲುಗಳು ಕಟಕಟ ಎನ್ನುತ್ತಿದ್ದವು. ನೋವು ಸೊಂಟದಿಂದ ಬೆನ್ನಿಗೆ ಏರುತ್ತಿತ್ತು. ಮತ್ತೆ ಮಾತು ಬಂದಾಗ ಅವಳು ಗಂಡನನ್ನು ನೋಡಲಿಲ್ಲ.

“ಅಕ್ಕಾ. ನಿಮ್ಮ ಬ್ಯಾಗಲ್ಲದೆ. ಕೊಡಿ.”

ಸುಮಿತ್ರಮ್ಮ ಬ್ಯಾಗನ್ನು ಎದೆಗೆ ಒತ್ತಿಕೊಂಡರು.

“ಒಂದೇ ಒಂದು ಕೊಡಿ ಅಕ್ಕಾ. ಮಗು ಬೆಳೆದಾಯ್ತಲ್ಲ, ಸ್ಕ್ಯಾನಲ್ಲಿ ಎಲ್ಲ ಸರಿ ಅದೆ ಅಂದ್ರಲ್ಲ. ಈಗ ಏನಾಗ್ತದೆ? ಕೊಡಿ!”

“ಕೊಟ್ಟುಬಿಡ್ರಿ ಸುಮಿತ್ರಮ್ಮ,” ಎಂದ ಹಾಲಪ್ಪ. ಅವನ ಕೈ ಬ್ಯಾಗಿನ ಕಡೆಗೇ ಚಾಚಿತ್ತು. “ಇದನ್ನ ನೋಡಾಕಾಗಲ್ಲ. ಮಗು ಬ್ಯಾಡ, ಏನೂ ಬ್ಯಾಡ, ಕೊಡ್ರಿ ಅತ್ಲಾಗೆ!”

ಸುಮಿತ್ರಮ್ಮ ಬೆಂಚಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ರತ್ನಳ ಗಲ್ಲ ಹಿಡಿದು ತಮ್ಮ ಕಡೆ ತಿರುಗಿಸಿದರು.

“ನೀನು ಅವತ್ತು ಕೊಡಬೇಡಿ ಅಂತ ಹೇಳಿದ್ದು ಕೊಡಬೇಡಿ ಅಂತಲೇ ಅಲ್ವಾ ಮಾರಾಯ್ತಿ? ಅದಕ್ಕೆ ಬೇರೆ ಅರ್ಥ ಎಂತದ್ದೂ ಇಲ್ಲ ಅಲ್ಲ?”

ರತ್ನ ಕಣ್ಣು ಮುಚ್ಚಿದಳು. ಹೊರಗೆ ಯಾರೋ ಮೈಕಿನಲ್ಲಿ ಮಜ್ಜಿಗೆ ಎಲ್ಲಿ ಎಂದು ವಿಚಾರಿಸುತ್ತಿದ್ದರು. ಅವಳ ಕೈ ಬೆಂಚಿನ ಅಂಚನ್ನು ಹಿಡಿಯಿತು, ಬಿಟ್ಟಿತು, ಮತ್ತೆ ಹಿಡಿಯಿತು.

“ಇಲ್ಲ,” ಎಂದಳು. “ಬೇರೆ ಅರ್ಥ ಇಲ್ಲ.”

“ಹಾಗಾದ್ರೆ ಇಲ್ಲ.” ಸುಮಿತ್ರಮ್ಮ ಎದ್ದು ಬಚ್ಚಲಿಗೆ ಹೋದರು. ಇಂಗಿನ ವಾಸನೆಯ ನಾಲ್ಕು ಕ್ಯಾಪ್ಸೂಲುಗಳ ಮೇಲೆ ನೀರು ಬಿದ್ದ ಸದ್ದು ಕೋಣೆಯಲ್ಲಿದ್ದ ಎಲ್ಲರಿಗೂ ಕೇಳಿಸಿತು.

ಅಷ್ಟರಲ್ಲಿ ಗಣಪತಿ ಭಟ್ಟರು ಜೀವನದಲ್ಲಿ ಮೊದಲ ಸಲ ಸಭೆಯ ಅನುಮತಿ ಕೇಳದೆ ಒಂದು ಕೆಲಸ ಮಾಡಿದ್ದರು. ಪಾಯಸದ ಸೌಟು ಕೈಯಲ್ಲಿದ್ದಂತೆಯೇ ಆಫೀಸು ಕೋಣೆಗೆ ಓಡಿ, ರತ್ನ ಹಿಂದೆಯೇ ಬರೆದುಕೊಟ್ಟಿದ್ದ ನಂಬರಿನಿಂದ ಡಾಕ್ಟರ್ ಮೇರಿಯವರ ಮನೆಗೆ ಫೋನ್ ಹಚ್ಚಿದ್ದರು. ಬಾಗಿಲಲ್ಲಿ ನಿಂತು ಒಂದೊಂದೇ ವಾಕ್ಯ ತಂದು ಒಪ್ಪಿಸಿದರು.

“ಕ್ಯಾಪ್ಸೂಲ್ ಕೊಡಲೇಬಾರದಂತೆ! ಕೊಟ್ಟರೂ ಇವತ್ತಿನ ನೋವಿಗೆ ಅದು ಏನೂ ಮಾಡುವುದಿಲ್ಲವಂತೆ, ಕೆಲಸ ಮಾಡ್ಲಿಕ್ಕೆ ತಿಂಗಳುಗಟ್ಟಲೆ ಬೇಕಂತೆ! ಈಗಲೇ ಆಸ್ಪತ್ರೆಗೆ ಹೋಗಬೇಕಂತೆ. ಡ್ರಿಪ್ಪು, ಆಕ್ಸಿಜನ್ನು, ನೋವಿಗೆ ಇಂಜೆಕ್ಷನ್. ಅಲ್ಲಿನ ಡಾಕ್ಟರಿಗೆ ಅವರೇ ಫೋನ್ ಮಾಡಿ ಯಾವ ಇಂಜೆಕ್ಷನ್, ಯಾವುದು ಕೂಡದು ಅಂತ ಹೇಳ್ತಾರಂತೆ. ನಾನು ಮೂರು ಸಲ ಕೇಳಿ ಖಚಿತ ಮಾಡಿಕೊಂಡಿದ್ದೇನೆ!”

ಹಾಲಪ್ಪ ತನ್ನ ಚಾಚಿದ ಕೈಯನ್ನು ನೋಡಿಕೊಂಡ. ಆಮೇಲೆ ಅದೇ ಕೈಯಿಂದ ರತ್ನಳನ್ನು ಎತ್ತಿಕೊಂಡ.

ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟ ಸಿಸ್ಟರ್ ಸ್ವಲ್ಪ ಹೊತ್ತಿನ ಮೇಲೆ ಬಗ್ಗಿ ಕೇಳಿದಳು, “ಮದಿಯೋ?”

ರತ್ನ ಆ ಪದವನ್ನು ಕೇಳಿ ಬೆಚ್ಚಿದಳು. ಹಾಲಪ್ಪನೂ ಬೆಚ್ಚಿದ.

“ನೋವು ಇನ್ನೂ ಅದೆ,” ಎಂದು ಕನ್ನಡದಲ್ಲೇ ಹೇಳಿ, ಸಿಸ್ಟರಿಗೆ ಅರ್ಥವಾಗುವವರೆಗೂ ಬೆರಳಿನಿಂದ ಸೊಂಟ ತೋರಿಸಿದಳು.

ಎರಡು ಬಾಟಲಿ ರಕ್ತ ಕೊಡಬೇಕಾಯಿತು. ಅಲ್ಲಿಂದ ಅವಳನ್ನು ನೇರವಾಗಿ ತಿರುವನಂತಪುರಕ್ಕೆ ಸಾಗಿಸಿದರು. ಹೆರಿಗೆಯವರೆಗೆ ಅವಳು ಶ್ರೀಕಾರ್ಯಂನ ಬಾಡಿಗೆ ಕೋಣೆಯಲ್ಲಿ, ಡಾಕ್ಟರ್ ಮೇರಿಯವರ ಕಣ್ಣಳತೆಯಲ್ಲೇ ಇದ್ದಳು. ಚಳಿಗಾಲದಲ್ಲಿ ನೋವು ಇನ್ನೂ ಎರಡು ಸಲ ಬಂತು, ಎರಡು ಸಲವೂ ಅದೇ ಎಡ ಸೊಂಟಕ್ಕೆ. ಕ್ಯಾಪ್ಸೂಲಿನ ಹೆಸರನ್ನು ಅವಳು ಎತ್ತಲಿಲ್ಲ. ಹಾಲಪ್ಪನಂತೂ ಸಾಕು ಎಂಬ ಪದವನ್ನೇ ಬಿಟ್ಟುಬಿಟ್ಟಿದ್ದ. ಅನ್ನ ಬಡಿಸುವಾಗಲೂ “ನಿಲ್ಲಿಸು” ಎನ್ನುತ್ತಿದ್ದ.

ಸಂಘದ ಮುಂದಿನ ಸಭೆಯಲ್ಲಿ ಗಣಪತಿ ಭಟ್ಟರು ತಮ್ಮ ನಿರ್ಣಯವನ್ನು ತಾವೇ ಹಿಂತೆಗೆದುಕೊಂಡರು. ಇನ್ನು ಮುಂದೆ ಬೇಡದವರು ಎಲೆಯ ಮೇಲೆ ಕೈ ಅಡ್ಡ ಹಿಡಿಯತಕ್ಕದ್ದು ಎಂದು ಹೊಸದೊಂದನ್ನು ಮಂಡಿಸಿದರು. ಚರ್ಚೆಯಾಗಲಿಲ್ಲ.

ಫೆಬ್ರವರಿಯಲ್ಲಿ, ದಿನ ತುಂಬುವ ಮೊದಲೇ, ಹೆಣ್ಣು ಮಗು ಹುಟ್ಟಿತು. ಸಣ್ಣದು, ಆದರೆ ಪರೀಕ್ಷೆ ಮಾಡಿದವರಿಗೆ ಯಾವ ದೋಷವೂ ಸಿಗಲಿಲ್ಲ. ಹಾಲು ಬಿಡಿಸುವವರೆಗೆ ಡಾಕ್ಟರ್ ಕ್ಯಾಪ್ಸೂಲು ಕೊಡಲಿಲ್ಲ. ಅಷ್ಟರಲ್ಲಿ ರಕ್ತ ತಲುಪದೆ ರತ್ನಳ ಎಡ ಸೊಂಟದ ಮೂಳೆ ಸವೆದುಹೋಗಿತ್ತು. ಮಗು ಈಗ ನಡೆಯುತ್ತದೆ. ರತ್ನ ಕೋಲು ಹಿಡಿದು ನಡೆಯುತ್ತಾಳೆ.